ತಂತಿಗೆ ಬಿಟ್ಟುಕೊಟ್ಟ ಮಾತು

ಕೈವಾರದ ಯೋಗಿ ನಾರೇಯಣ ಯತೀಂದ್ರರ ಕೀರ್ತನೆಗಳನ್ನೂ ತತ್ತ್ವಪದಗಳನ್ನೂ ಕೇಳುತ್ತ ಬೆಳೆದ ನಮ್ಮ ಚಿಂತಾಮಣಿ, ಶಿಡ್ಲಘಟ್ಟ, ಮೇಲೂರು ಸೀಮೆಯ ಜನಕ್ಕೆ, ಒಂದು ತಂತಿಯ ಆಸರೆಯಲ್ಲಿ ದೇವರನ್ನು ಕುರಿತು ಹಾಡುವ ಬಡ ಗಾಯಕನೆಂದರೆ ಎಂಥವನೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಬಳೆಯ ಮಲಾರವನ್ನು ಹೆಗಲಿಗೇರಿಸಿಕೊಂಡು ಊರೂರು ತಿರುಗಿದ, ಜನ ತಾತಯ್ಯನೆಂದು ಕರೆಯುವ ಆ ಯತೀಂದ್ರರು ಕನ್ನಡ ತೆಲುಗುಗಳೆರಡರಲ್ಲಿಯೂ ರಚಿಸಿ ಬಿಟ್ಟುಹೋದ ಪದಗಳು, ಅವರ ಕಾಲ ಕಳೆದು ಶತಮಾನವೇ ಸಂದ ಮೇಲೆಯೂ, ಗುರುಪೂರ್ಣಿಮೆಯ ದಿನಗಳಲ್ಲಿ ಹಗಲಿರುಳೆನ್ನದೆ ಆ ಕ್ಷೇತ್ರದಲ್ಲಿ ಮೊಳಗುತ್ತಿರುವುವು. ಅಂಥ ಪದಗಳಿಗೆ ಪಳಗಿದ ಕಿವಿಯುಳ್ಳವರು, ಅಮೆರಿಕ ದೇಶದ ಟೆಕ್ಸಾಸ್ ಪ್ರಾಂತದಲ್ಲಿ ಹುಟ್ಟಿ, ಹತ್ತಿಯ ಪೇಟೆಗಳ ಬೀದಿಯಲ್ಲಿ ಗಿಟಾರು ಹಿಡಿದು ನಿಂತು, ಕಣ್ಣಿಲ್ಲದವನಾಗಿ ಬದುಕಿ, ಗತಿಯಿಲ್ಲದವನಾಗಿ ಮಡಿದ ಬ್ಲೈಂಡ್ ವಿಲ್ಲಿ ಜಾನ್ಸನ್ನನ ಹಾಡನ್ನು ಒಮ್ಮೆ ಕೇಳಿದರೆ, ಭಾಷೆ ಯಾವುದು, ಮತ ಯಾವುದು ಎಂಬ ವಿಚಾರಣೆಗೆ ತೊಡಗುವ ಮುನ್ನವೇ, ಇವನು ತಮಗೆ ಪರಿಚಿತವಾದ ಒಂದು ಕುಲಕ್ಕೆ ಸೇರಿದವನೆಂದು ತಿಳಿಯದಿರಲಾರರು. ಪಶ್ಚಿಮದ ಸಂಗೀತಜ್ಞರು ‘ಸ್ಲೈಡ್ ಗಿಟಾರ್’ ಎಂದು ಕರೆಯುವ ವಾದನಕ್ರಮದಲ್ಲಿ ಇವನನ್ನು ಮೀರಿಸಿದವರು ಯಾರೂ ಇಲ್ಲವೆಂಬುದು ಆ ವಿದ್ಯೆಯನ್ನು ಬಲ್ಲ ಅನೇಕರ ಅಭಿಪ್ರಾಯ. ನನ್ನ ಅಭಿಪ್ರಾಯವೂ ಅದೇ.

ಅವನು ಹುಟ್ಟಿದುದು 1897ರ ಜನವರಿ 25ರಂದು, ಟೆಕ್ಸಾಸ್‌ನ ಟೆಂಪಲ್ ಪಟ್ಟಣಕ್ಕೆ ಸಮೀಪದ ಪೆಂಡಲ್ಟನ್ ಎಂಬ ಹಳ್ಳಿಯಲ್ಲಿ. ಗುಲಾಮಗಿರಿ ಕಾನೂನಿನಲ್ಲಿ ಅಳಿದು ಮೂವತ್ತು ವರ್ಷಗಳು ಕಳೆದಿದ್ದರೂ, ಪರರ ಹತ್ತಿಯ ಹೊಲಗಳಲ್ಲಿ ದುಡಿದು, ಬೆಳೆದುದರಲ್ಲಿ ಪಾಲು ಕೊಟ್ಟು, ಉಳಿದುದರಲ್ಲಿ ಸಾಲ ತೀರಿಸುವುದೇ ಆ ಸೀಮೆಯ ಕಪ್ಪು ಜನರ ಬಾಳಾಗಿತ್ತು. ತಾಯಿಯನ್ನು ಎಳೆತನದಲ್ಲಿಯೇ ಕಳೆದುಕೊಂಡ ಮಗುವಿಗೆ ತಂದೆ ಚುಟ್ಟದ ಪೆಟ್ಟಿಗೆಯೊಂದಕ್ಕೆ ತಂತಿ ಬಿಗಿದು ಮೊದಲ ವಾದ್ಯವನ್ನು ಮಾಡಿಕೊಟ್ಟನು. ಸಂಸಾರವು ಮಾರ್ಲಿನ್ ಎಂಬ ಪಟ್ಟಣಕ್ಕೆ ಬಂದು ನೆಲಸಿತು. ತಂದೆ ಮತ್ತೊಂದು ಮದುವೆಯಾದನು. ಹುಡುಗನಿಗೆ ಏಳು ವರ್ಷವಾಗಿದ್ದಾಗ ಗಂಡಹೆಂಡಿರೊಳಗೆ ಜಗಳ ಹತ್ತಿ, ಮಲತಾಯಿ ತೂರಿದ ಕ್ಷಾರಜಲವು ಮಗುವಿನ ಮುಖಕ್ಕೆ ಬಿದ್ದು ಕಣ್ಣುಗಳು ಹೋದುವೆಂದು, ಅವನ ಕೊನೆಗಾಲದ ಪತ್ನಿ ಆಂಜಲೀನ್ ಮುಂದೆ ಹೇಳಿದ್ದಾಳೆ. ಇಬ್ಬರು ಹಿರಿಯರ ಕೋಪ ಒಂದು ಕೂಸಿನ ಪಾಲಿನ ಬೆಳಕನ್ನು ನುಂಗಿತು.

ಮಾರ್ಲಿನ್, ಹರ್ನ್ ಮುಂತಾದ ಊರುಗಳಿಗೆ ಶನಿವಾರ ಶನಿವಾರ ಸುತ್ತಲಿನ ಒಕ್ಕಲುಮಕ್ಕಳು ಹತ್ತಿಯನ್ನು ಮಾರುವುದಕ್ಕೂ ಸಾಮಾನು ಕೊಳ್ಳುವುದಕ್ಕೂ ಬಂದು ನೆರೆಯುತ್ತಿದ್ದರು. ನಮ್ಮ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ಗೂಡು ತಂದ ರೈತನೂ ಅದನ್ನು ಹಿಡಿಯಬಂದ ರೀಲರನೂ ದಲ್ಲಾಳಿಯೂ ಹಮಾಲಿಯೂ ಒಂದೇ ಕಡೆ ಕಿಕ್ಕಿರಿದು, ಕೈಗೆ ನಾಲ್ಕು ಕಾಸು ಬಂದ ಗಳಿಗೆಯಲ್ಲಿ ಮನಸ್ಸು ಸ್ವಲ್ಪ ಉದಾರವಾಗುವ ಹೊತ್ತನ್ನು ಕಂಡವರು, ಆ ಹತ್ತಿಪೇಟೆಯ ಶನಿವಾರವನ್ನು ಸುಲಭವಾಗಿ ಊಹಿಸಿಕೊಳ್ಳಬಲ್ಲರು. ಅಂಥ ಜಂಗುಳಿಯ ನಡುವೆ ತಂದೆ ಈ ಹುಡುಗನನ್ನು ಕೈಹಿಡಿದು ತಂದು ಒಂದು ಮೂಲೆಯಲ್ಲಿ ನಿಲ್ಲಿಸಿ ತನ್ನ ಕೆಲಸಕ್ಕೆ ಹೋಗುತ್ತಿದ್ದನು. ಗಿಟಾರಿನ ಕೊರಳಿಗೆ ತಂತಿಯಿಂದ ಕಟ್ಟಿದ ಒಂದು ತಗಡಿನ ಬಟ್ಟಲು. ಅದರೊಳಗೆ ಬಿದ್ದ ನಾಣ್ಯದ ಸದ್ದಿನಿಂದಲೇ ಸಂಪಾದನೆ ಎಷ್ಟಾಯಿತೆಂದು ಅಳೆಯಬೇಕು. ಇವನ ಒಂದೇ ಒಂದು ಭಾವಚಿತ್ರ ಉಳಿದು ಬಂದಿದೆ; ಅದರಲ್ಲಿಯೂ ಆ ಬಟ್ಟಲು ಇದೆ. ಸಂತೆಯ ಗಲಭೆಯನ್ನು ಸೀಳಿಕೊಂಡು ಹೋಗಬಲ್ಲ ಗಡುಸಾದ ಕಂಠವನ್ನು ಅವನು ಪಳಗಿಸಿಕೊಂಡದ್ದು ಈ ಬೀದಿಗಳಲ್ಲಿ; ಶಬ್ದಗ್ರಹಣದ ಯಂತ್ರಗಳು ಇನ್ನೂ ಒರಟಾಗಿದ್ದ ಕಾಲದಲ್ಲಿ ಆ ಕಂಠ ಮೇಣದ ಮೇಲೆ ಅಷ್ಟು ಆಳವಾಗಿ ಅಚ್ಚೊತ್ತಿದ್ದಕ್ಕೂ ಇದೇ ಕಾರಣವಿರಬೇಕು.

ಇನ್ನು ಅವನ ವಾದನದ ವಿಚಾರ. ಗಿಟಾರಿನ ಕೊರಳ ಮೇಲೆ, ನಮ್ಮ ವೀಣೆಯಲ್ಲಿರುವಂತೆಯೇ, ಮೆಟ್ಟಿಲುಗಳುಂಟು. ವೀಣೆಯ ಮೆಟ್ಟಿಲುಗಳ ನಡುವೆ ಆಳವಿರುವುದರಿಂದಲೂ ತಂತಿಗೆ ಸಡಿಲವಿರುವುದರಿಂದಲೂ, ವೈಣಿಕನು ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಎರಡು ಮೂರು ಸ್ವರಗಳ ಛಾಯೆಯನ್ನು ಹೊರಡಿಸಬಲ್ಲನು. ಗಮಕವೆಂಬ ನಮ್ಮ ಸಂಗೀತದ ಜೀವ ಅಲ್ಲಿ ಉಸಿರಾಡುವುದು. ಗಿಟಾರಿನಲ್ಲಿ ಆ ಅನುಕೂಲ ಅಲ್ಪ. ಬೆರಳು ಒತ್ತಿದ ಮೆಟ್ಟಿಲಿಗೆ ನಿಯತವಾದ ಸ್ವರ ಹೊರಡುವುದು, ಮುಂದಿನ ಮೆಟ್ಟಿಲಿಗೆ ಮುಂದಿನ ಸ್ವರ. ನಡುವಿನ ದಾರಿ ಮುಚ್ಚಿರುವುದು. ಆದರೆ ಬೆರಳಿನಿಂದ ಒತ್ತುವುದನ್ನು ಬಿಟ್ಟು, ಒಡೆದ ಸೀಸೆಯ ಕತ್ತನ್ನೋ, ಲೋಹದ ಬಳೆಯನ್ನೋ, ಮಡಚುವ ಚಾಕುವಿನ ಬೆನ್ನನ್ನೋ ತಂತಿಗೆ ಹಗುರವಾಗಿ ತಾಗಿಸಿ ಸರಿಸಿದಾಗ, ಮೆಟ್ಟಿಲುಗಳು ಇದ್ದೂ ಇಲ್ಲದಂತಾಗಿ, ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ಮಾರ್ಗವೆಲ್ಲವೂ ತೆರೆದುಕೊಳ್ಳುವುದು. ನಮ್ಮ ಶಾಸ್ತ್ರಕಾರರು ಜಾರು ಎಂದು ಕರೆದ ಗಮಕವೇ ಇಲ್ಲಿ ವಾದ್ಯದ ಮಾತೃಭಾಷೆಯಾಗುವುದು. ಒತ್ತು ಸ್ವಲ್ಪ ಹೆಚ್ಚಾದರೆ ತಂತಿ ಮೆಟ್ಟಿಲಿಗೆ ತಾಗಿ ಗರಗರಿಸುವುದು. ಕಡಮೆಯಾದರೆ ನಾದ ಬಾಡುವುದು. ಕೂದಲೆಳೆಯಷ್ಟು ಹಿಂದುಮುಂದಾದರೆ ಅಪಸ್ವರ. ಸ್ವರಸ್ಥಾನವನ್ನು ಮೆಟ್ಟಿಲು ತೋರಿಸಿಕೊಡುವುದಿಲ್ಲವಾದುದರಿಂದ ಕಿವಿಯೊಂದೇ ಗುರು. ಕಣ್ಣಿಲ್ಲದವನು ಈ ವಿದ್ಯೆಯಲ್ಲಿ ಮುಂದಾದುದಕ್ಕೆ ಆಶ್ಚರ್ಯಪಡಬೇಕಾಗಿಲ್ಲ.

ತಂತಿಗಳನ್ನು ಶ್ರುತಿಗೂಡಿಸುವ ಅವನ ಕ್ರಮವೂ ನಮಗೆ ಹೊರಗಿನದಲ್ಲ. ಸಾಮಾನ್ಯ ಗಿಟಾರಿನ ಏರ್ಪಾಡನ್ನು ಬಿಟ್ಟು, ಆರು ತಂತಿಗಳನ್ನೂ ಒಂದು ಷಡ್ಜಕ್ಕೆ ಅಧೀನವಾಗಿ ಅವನು ಬಿಗಿಯುತ್ತಿದ್ದನು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಕೆಳಗಿನಿಂದ ಮೇಲಕ್ಕೆ ಸ, ಪ, ಸ, ಗ, ಪ, ಸ. ಅದರಲ್ಲಿ ಗಾಂಧಾರವು ಅಂತರ ಗಾಂಧಾರ. ಹೆಬ್ಬೆರಳು ಮಂದ್ರದ ತಂತಿಗಳನ್ನು ತಂಬೂರಿಯ ಶ್ರುತಿಯಂತೆ ಎಡೆಬಿಡದೆ ಮಿಡಿಯುತ್ತಿರಲು, ಮೇಲಿನ ತಂತಿಗಳ ಮೇಲೆ ಎಡಗೈಯ ಚಾಕುವೋ ಬಳೆಯೋ ಸರಿದಾಡುತ್ತ ರಾಗವನ್ನು ಬಿಡಿಸುವುದು. ಬ್ಲೂಸ್ ಸಂಗೀತದ ಹೃದಯವೆಂದು ಹೇಳಬಹುದಾದ ಒಂದು ಸ್ವರವಿದೆ. ಅದು ಸಾಧಾರಣ ಗಾಂಧಾರವೂ ಅಲ್ಲ, ಅಂತರ ಗಾಂಧಾರವೂ ಅಲ್ಲ. ಎರಡರ ನಡುವೆ ನಿಂತು ಎತ್ತಲೂ ವಾಲದೆ ನಡುಗುವ ಸ್ವರ. ಪಿಯಾನೊ ಅದನ್ನು ನುಡಿಸಲಾರದು. ಮನುಷ್ಯನ ಕಂಠ ನುಡಿಸಬಲ್ಲುದು. ಚಾಕು ತಾಗಿದ ತಂತಿ ನುಡಿಸಬಲ್ಲುದು.

ಈ ವಿದ್ಯೆ ಎಲ್ಲಿಂದ ಬಂದಿತೆಂಬುದಕ್ಕೆ ಉತ್ತರ ಒಂದೇ ಅಲ್ಲ. ದಕ್ಷಿಣ ಅಮೆರಿಕ ಸಂಸ್ಥಾನಗಳ ಕಪ್ಪು ಮಕ್ಕಳು ಗೋಡೆಗೆ ಮೊಳೆ ಹೊಡೆದು ಒಂದೇ ತಂತಿಯನ್ನು ಬಿಗಿದು, ಸೀಸೆಯಿಂದ ಅದನ್ನು ಜಾರಿಸಿ ನುಡಿಸುತ್ತಿದ್ದ ಆಟವಾದ್ಯಕ್ಕೆ ಆಫ್ರಿಕದ ಮೂಲವನ್ನು ಹೇಳುವರು. ಅತ್ತ ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಜೋಸೆಫ್ ಕೆಕುಕು ಎಂಬಾತನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗಿಟಾರನ್ನು ತೊಡೆಯ ಮೇಲಿಟ್ಟು ಉಕ್ಕಿನ ತುಂಡಿನಿಂದ ನುಡಿಸುವ ಕ್ರಮವನ್ನು ಪ್ರಸಿದ್ಧಿಗೆ ತಂದನು. 1915ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ನಡೆದ ಮಹಾಪ್ರದರ್ಶನದ ಅನಂತರ ಆ ನಾದ ಅಮೆರಿಕದ ಮನೆಮನೆಗೆ ಹಬ್ಬಿತು. ನಮ್ಮ ದೇಶದಲ್ಲಿಯಾದರೊ ಮೆಟ್ಟಿಲಿಲ್ಲದ ವೀಣೆಯ ಮೇಲೆ ಮರದ ಕೊರಡನ್ನು ಜಾರಿಸಿ ನುಡಿಸುವ ಗೋಟುವಾದ್ಯವೂ, ಉತ್ತರಾದಿಯ ವಿಚಿತ್ರವೀಣೆಯೂ ಗಾಯನವನ್ನು ಚಾಚೂ ತಪ್ಪದೆ ಅನುಸರಿಸುವ ಹಂಬಲದಿಂದಲೇ ಬೆಳೆದವು. ಒಬ್ಬರನ್ನೊಬ್ಬರು ನೋಡದ, ಒಬ್ಬರ ಹೆಸರನ್ನೊಬ್ಬರು ಕೇಳದ ಜನ, ವಾದ್ಯವು ಕೊರಳಿನಂತೆ ಹಾಡಬೇಕೆಂಬ ಒಂದೇ ಆಸೆಯಿಂದ ಒಂದೇ ಉಪಾಯವನ್ನು ಕಂಡುಕೊಂಡರೆಂಬುದು ನನಗೆ ಬಹಳ ಸಂತೋಷವನ್ನು ಕೊಡುವ ಸಂಗತಿ.

1927ರ ಡಿಸೆಂಬರ್ 3ರಂದು ಡಾಲಸ್ ನಗರದಲ್ಲಿ, ಕೊಲಂಬಿಯ ಗ್ರಾಮಫೋನು ಸಂಸ್ಥೆಯವರು ಹೂಡಿದ್ದ ತಾತ್ಕಾಲಿಕ ಧ್ವನಿಮುದ್ರಣ ಶಾಲೆಯಲ್ಲಿ, ಮೂವತ್ತು ವರ್ಷದ ಜಾನ್ಸನ್ ಆರು ಹಾಡುಗಳನ್ನು ಹಾಡಿದನು. ಪರಸ್ಥಳಗಳಿಗೆ ಯಂತ್ರವನ್ನು ಹೊತ್ತು ತಂದು, ಹೆಸರಿಲ್ಲದ ಹಾಡುಗಾರರನ್ನು ಕರೆಸಿ, ಕೈಗೆ ಕೆಲವು ಡಾಲರು ಕೊಟ್ಟು ಹಾಡನ್ನು ಕೊಂಡೊಯ್ಯುವುದು ಅಂದಿನ ವ್ಯಾಪಾರದ ರೀತಿ. ಮೊದಲ ತಟ್ಟೆ ಚೆನ್ನಾಗಿ ಮಾರಾಟವಾಯಿತು. 1928ರಲ್ಲಿ ಮತ್ತೆ ಡಾಲಸ್, 1929ರಲ್ಲಿ ನ್ಯೂ ಆರ್ಲಿಯನ್ಸ್, 1930ರ ಏಪ್ರಿಲಿನಲ್ಲಿ ಅಟ್ಲಾಂಟ: ಹೀಗೆ ನಾಲ್ಕು ಸಲ ಕೂಡಿ ಅವನು ಮುದ್ರಿಸಿದ ಹಾಡುಗಳು ಮೂವತ್ತು. ಅವನು ಲೋಕಕ್ಕೆ ಬಿಟ್ಟುಹೋದ ಆಸ್ತಿ ಇಷ್ಟೇ. ಎಲ್ಲವನ್ನೂ ಒಂದು ಬಿಡುವಿನ ಮಧ್ಯಾಹ್ನದಲ್ಲಿ ಕೇಳಿ ಮುಗಿಸಬಹುದು.

ಈ ಮೂವತ್ತರಲ್ಲಿ ಒಂದನ್ನು ಕುರಿತು ಸ್ವಲ್ಪ ನಿಂತು ಹೇಳಬೇಕು. ಡಾಲಸ್ಸಿನ ಆ ಮೊದಲ ದಿನವೇ ಅವನು ನುಡಿಸಿದ ‘ಡಾರ್ಕ್ ವಾಸ್ ದ ನೈಟ್, ಕೋಲ್ಡ್ ವಾಸ್ ದ ಗ್ರೌಂಡ್’ ಎಂಬುದಕ್ಕೆ ಆಧಾರ, ಥಾಮಸ್ ಹಾವಿಸ್ ಎಂಬ ಇಂಗ್ಲೆಂಡಿನ ಪಾದ್ರಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬರೆದ ಒಂದು ಸ್ತೋತ್ರ. ಶಿಲುಬೆಗೇರುವ ಹಿಂದಿನ ರಾತ್ರಿ ಏಸುವು ಗೆತ್ಸೆಮನೆಯ ತೋಟದಲ್ಲಿ, ಶಿಷ್ಯರೆಲ್ಲರೂ ನಿದ್ರೆಹೋಗಿರಲು, ತಾನೊಬ್ಬನೇ ನೆಲಕ್ಕೆ ಬಿದ್ದು ಪ್ರಾರ್ಥಿಸಿದ ಪ್ರಸಂಗ ಅದರ ವಸ್ತು. ಕಪ್ಪು ಜನರ ದೇವಾಲಯಗಳಲ್ಲಿ, ಅಕ್ಷರ ಬಲ್ಲ ಒಬ್ಬನು ಒಂದು ಪಾದವನ್ನು ಹೇಳಿಕೊಡಲು, ನೆರೆದವರು ಅದನ್ನು ತೀರ ವಿಲಂಬದಲ್ಲಿ, ತಮ್ಮ ತಮ್ಮ ಕೊರಳು ಕಂಡ ದಾರಿಯಲ್ಲಿ ಎಳೆಎಳೆದು ಹಾಡುವ ಪದ್ಧತಿಯೊಂದು ಇತ್ತು. ಜಾನ್ಸನ್ ಆ ಇಡೀ ಸಭೆಯನ್ನು ಎರಡು ಕೈಗಳಲ್ಲಿಯೂ ಒಂದು ಕಂಠದಲ್ಲಿಯೂ ಅಡಗಿಸಿದನು. ಮೊದಲು ತಂತಿ ಒಂದು ಪಾದವನ್ನು ನುಡಿಯುವುದು. ಒಡನೆಯೇ ಅವನ ಗಂಟಲು, ತುಟಿ ತೆರೆಯದ ಹುಂಕಾರದಿಂದಲೂ ನರಳಿಕೆಯಿಂದಲೂ, ಅದಕ್ಕೆ ಮಾರುಗೊಡುವುದು. ತಂತಿ ಮುಂದಿನ ಪಾದವನ್ನೆತ್ತಿಕೊಳ್ಳುವುದು. ತಾಳದ ಹೆಜ್ಜೆ ಇಲ್ಲಿ ಇಲ್ಲವೆನ್ನಬೇಕು. ಆಲಾಪನೆಯಲ್ಲಿರುವಂತೆ ಉಸಿರೇ ಅಳತೆ. ಮೂರು ನಿಮಿಷಕ್ಕೆ ಸ್ವಲ್ಪ ಮಿಕ್ಕ ಆ ಮುದ್ರಿಕೆಯಲ್ಲಿ ಆದಿಯಿಂದ ಅಂತ್ಯದವರೆಗೆ ಒಂದು ಪದವೂ ಇಲ್ಲ. ಸ್ತೋತ್ರದ ಮಾತು ಅವನಿಗೆ ಗೊತ್ತಿತ್ತು, ಕೇಳುವವರಿಗೂ ಗೊತ್ತಿತ್ತು. ಮಾತನ್ನು ಅವನು ಬೇಕೆಂದೇ ಬಿಟ್ಟನು. ಯಾರೂ ಕೇಳಿಸಿಕೊಳ್ಳದ ಪ್ರಾರ್ಥನೆಯ ಆ ಗಳಿಗೆಗೆ ಮಾತು ಹೆಚ್ಚೆಂದು ಅವನಿಗೆ ತೋರಿರಬೇಕು.

ಇತರ ಹಾಡುಗಳಲ್ಲಿಯೂ ಈ ಗುಣವನ್ನು ಕಿವಿಗೊಟ್ಟು ಹಿಡಿಯಬಹುದು. ಸಾಲಿನ ಮೊದಲ ಭಾಗವನ್ನು ಹಾಡಿ, ಕೊನೆಯ ಮಾತು ಬರಬೇಕಾದ ಎಡೆಯಲ್ಲಿ ಅವನು ಬಾಯಿ ಮುಚ್ಚುವನು; ಆ ಮಾತನ್ನು, ಅದರ ಏರಿಳಿತದೊಡನೆ, ಗಿಟಾರು ನುಡಿದು ಮುಗಿಸುವುದು. ಪಕ್ಕವಾದ್ಯದವನು ಗಾಯಕನನ್ನು ಹಿಂಬಾಲಿಸುವುದನ್ನು ನಾವೆಲ್ಲ ಬಲ್ಲೆವು. ಇಲ್ಲಿಯ ವ್ಯವಹಾರ ಬೇರೆ. ಗಾಯಕನು ತನ್ನ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದುದನ್ನು ತಂತಿಗೆ ಬಿಟ್ಟುಕೊಡುತ್ತಿದ್ದಾನೆ. ತಂತಿ ಅದನ್ನು ತಪ್ಪಿಲ್ಲದೆ ಒಪ್ಪಿಸುತ್ತಿದೆ. ಒಬ್ಬನೇ ಮನುಷ್ಯನಲ್ಲಿ ಇಬ್ಬರು ಹಾಡುಗಾರರು ಹೀಗೆ ಪರಸ್ಪರ ನಂಬಿ ನಡೆದುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಜಾನ್ಸನ್ನನನ್ನು ಬ್ಲೂಸ್ ಗಾಯಕನೆಂದು ಕರೆಯುವುದು ವಾಡಿಕೆಯಾದರೂ, ಲೌಕಿಕ ಬ್ಲೂಸನ್ನು ಅವನು ಒಂದು ತಟ್ಟೆಯ ಮೇಲೂ ಹಾಡಲಿಲ್ಲ. ಪ್ರೇಮ, ಕುಡಿತ, ಅಲೆದಾಟ ಇವುಗಳನ್ನು ವಸ್ತುವಾಗಿ ಉಳ್ಳ ಆ ಹಾಡುಗಳನ್ನು ಅವನ ಕಾಲದ ಧರ್ಮಭೀರುಗಳು ಸೈತಾನನ ಸಂಗೀತವೆಂದು ತಿರಸ್ಕರಿಸುತ್ತಿದ್ದರು. ಅವನು ಹಾಡಿದುದೆಲ್ಲವೂ ದೈವಸ್ತುತಿ, ಪಶ್ಚಾತ್ತಾಪ, ಅಂತ್ಯಕಾಲದ ಎಚ್ಚರಿಕೆ. ಹಾಗಿದ್ದರೂ ಅವನ ಬೆರಳುಗಳು ಆಡಿದ ಭಾಷೆ ಬ್ಲೂಸಿನದೇ. ಹಳ್ಳಿಯ ಹಾಡಿನ ಮಟ್ಟಿನಲ್ಲಿಯೇ ಬ್ರಹ್ಮವಿಚಾರವನ್ನು ಹೇಳಿದ ನಮ್ಮ ತತ್ತ್ವಪದಕಾರರನ್ನು ಬಲ್ಲವರಿಗೆ ಇದರಲ್ಲಿ ವಿರೋಧವೇನೂ ಕಾಣಿಸದು. ಬೀದಿಯ ಹಾಡುಗಾರನಾದುದರಿಂದ ಲೋಕವಾರ್ತೆಯೂ ಅವನ ಹಾಡಿಗೆ ಬಂದಿತು. ಟೈಟಾನಿಕ್ ಹಡಗು ಮುಳುಗಿದುದನ್ನೂ, ಮೊದಲ ಮಹಾಯುದ್ಧವನ್ನೂ, 1918ರ ಇನ್‌ಫ್ಲುಯೆಂಜ ಮಾರಿಯನ್ನೂ ಅವನು ದೇವರ ಕೈವಾಡವೆಂಬ ದೃಷ್ಟಿಯಿಂದ ಹಾಡಿದ್ದಾನೆ. ಅದೇ ಮಾರಿ ನಮ್ಮ ಮೈಸೂರು ಸೀಮೆಯ ಮನೆಗಳನ್ನೂ ಬರಿದುಮಾಡಿದ ವರ್ಷವದು.

ಎರಡನೆಯ ಧ್ವನಿಮುದ್ರಣದಿಂದ ಮೊದಲ್ಗೊಂಡು ಕೆಲವು ಹಾಡುಗಳಲ್ಲಿ ಅವನ ಒರಟು ಗರ್ಜನೆಯ ಹಿಂದೆ ಒಂದು ಹೆಣ್ಣು ಧ್ವನಿ ಕೇಳಿಬರುವುದು. ತಪ್ಪದೆ ಶ್ರುತಿಯಲ್ಲಿ ನಿಂತ, ತನ್ನನ್ನು ಮುಂದೆ ತೋರಿಸಿಕೊಳ್ಳದ ಧ್ವನಿ. ಅದು ಆಂಜಲೀನಳದೆಂದು ಬಹುಕಾಲ ಎಲ್ಲರೂ ಬರೆದರು. ಆಕೆಯಲ್ಲ, ಮಾರ್ಲಿನ್ ಊರಿನ ವಿಲ್ಲಿ ಬಿ. ಹ್ಯಾರಿಸ್ ಎಂಬ ಅವನ ಮೊದಲಿನ ಸಂಗಾತಿ ಎಂಬುದು ಹೊರಬಿದ್ದುದು 1970ರ ದಶಕದಲ್ಲಿ. ತನ್ನ ಹಾಡಿಗೆ ತನ್ನ ಹೆಸರು ಸೇರುವುದಕ್ಕೆ ಆಕೆ ಸುಮಾರು ನಲವತ್ತೈದು ವರ್ಷ ಕಾಯಬೇಕಾಯಿತು.

1930ರ ಅನಂತರ ಜಾನ್ಸನ್ ಗ್ರಾಮಫೋನಿಗೆ ಹಾಡಲಿಲ್ಲ. ಅಮೆರಿಕವನ್ನು ಹಿಡಿದ ಆರ್ಥಿಕ ಕ್ಷಾಮದಲ್ಲಿ ತಟ್ಟೆ ಕೊಳ್ಳುವವರು ಇಲ್ಲವಾದರು. ತಟ್ಟೆ ಮಾಡುವವರು ಬಡ ಗಾಯಕರನ್ನು ಮರೆತರು. ಅವನು ಮತ್ತೆ ಬೀದಿಗೆ ಬಂದನು. ಕಡೆಗೆ ಬ್ಯೂಮಾಂಟ್ ಪಟ್ಟಣದಲ್ಲಿ ನೆಲಸಿ, ತಾನಿದ್ದ ಮನೆಯನ್ನೇ ಪ್ರಾರ್ಥನಾಮಂದಿರವೆಂದು ಹೆಸರಿಸಿ, ಬೋಧಕನಾಗಿ ದಿನ ಕಳೆದನು. 1945ರಲ್ಲಿ ಆ ಮನೆಗೆ ಬೆಂಕಿ ಬಿದ್ದಿತು. ಹೋಗಲು ಬೇರೆ ಠಾವಿಲ್ಲದೆ ಗಂಡಹೆಂಡಿರು ಸುಟ್ಟ ಮನೆಯ ಅವಶೇಷದಲ್ಲಿಯೇ, ನೀರಿನಿಂದ ತೊಯ್ದ ಹಾಸಿಗೆಯ ಮೇಲೆ ಹಳೆಯ ವರ್ತಮಾನಪತ್ರಿಕೆಗಳನ್ನು ಹಾಸಿ ಮಲಗಿದರು. ಜಾನ್ಸನ್ನನಿಗೆ ಜ್ವರ ಬಂದಿತು. ಆಸ್ಪತ್ರೆಯವರು ಸೇರಿಸಿಕೊಳ್ಳಲಿಲ್ಲವೆಂದು ಆಂಜಲೀನ್ ಹೇಳಿದ್ದಾಳೆ. ಸೆಪ್ಟೆಂಬರ್ 18ರಂದು ಅವನು ತೀರಿಕೊಂಡನು. ಮರಣಪತ್ರದಲ್ಲಿ ಮಲೇರಿಯ ಜ್ವರವೆಂದು ಬರೆದಿದೆ. ವಯಸ್ಸು ನಲವತ್ತೆಂಟು. ಬ್ಯೂಮಾಂಟಿನ ಸ್ಮಶಾನವೊಂದರಲ್ಲಿದ್ದ ಅವನ ಸಮಾಧಿಗೆ ಗುರುತಿನ ಕಲ್ಲೂ ಇರಲಿಲ್ಲ.

ಇದನ್ನು ಓದುವಾಗ ಕನ್ನಡಿಗರಾದ ನಮಗೆ ಗದುಗಿನ ನೆನಪಾಗದಿರದು. ಪಂಚಾಕ್ಷರ ಗವಾಯಿಗಳು ಜಾನ್ಸನ್ನನಿಗಿಂತ ಐದು ವರ್ಷ ಹಿರಿಯರು. 1892ರಲ್ಲಿ ಜನನ, 1944ರಲ್ಲಿ ದೇಹತ್ಯಾಗ. ಅವರೂ ಅಂಧರು, ಅವರೂ ಬಡವರ ಮಕ್ಕಳು. ಆದರೆ ಹಾನಗಲ್ಲ ಕುಮಾರಸ್ವಾಮಿಗಳಂಥ ಮಹನೀಯರೊಬ್ಬರು ಆ ಬಾಲಕನ ಕಂಠವನ್ನು ಗುರುತಿಸಿ, ವಿದ್ಯೆಗೆ ಏರ್ಪಾಡುಮಾಡಿ, ಬೆನ್ನ ಹಿಂದೆ ನಿಂತರು. ಅದರ ಫಲವಾಗಿ ವೀರೇಶ್ವರ ಪುಣ್ಯಾಶ್ರಮ ಬೆಳೆಯಿತು. ಪುಟ್ಟರಾಜ ಗವಾಯಿಗಳು ಬೆಳೆದರು. ಬಸವರಾಜ ರಾಜಗುರುಗಳಂಥ ಗಾಯಕರು ಬಂದರು. ಕಣ್ಣಿಲ್ಲದ ಸಾವಿರಾರು ಮಕ್ಕಳಿಗೆ ಅನ್ನವೂ ನಾದವೂ ಒಂದೇ ಸೂರಿನಡಿಯಲ್ಲಿ ದೊರೆತವು. ಪ್ರತಿಭೆಯಲ್ಲಿ ಟೆಕ್ಸಾಸಿನವನು ಯಾರಿಗೂ ಕಡಮೆಯಾಗಿರಲಿಲ್ಲ. ಅವನಿಗೆ ದೊರೆಯದೆ ಹೋದುದು ಒಬ್ಬ ಕುಮಾರಸ್ವಾಮಿ, ಒಂದು ಜೋಳಿಗೆ, ಒಂದು ಮಠ. ಜನಾಂಗದ್ವೇಷವನ್ನು ಕಾನೂನಾಗಿ ಬರೆದಿಟ್ಟುಕೊಂಡ ಸಮಾಜವೊಂದು ತನ್ನ ಅತ್ಯುತ್ತಮ ಗಾಯಕರಲ್ಲೊಬ್ಬನಿಗೆ ಕೊಟ್ಟುದು ತಗಡಿನ ಬಟ್ಟಲು ಮಾತ್ರ.

ಹೀಗೆ ಪಾಠಶಾಲೆಯಿಲ್ಲದೆ ಸತ್ತವನಿಗೆ ಶಿಷ್ಯಪರಂಪರೆ ಬೆಳೆದುದು ಹೇಗೆ? ಕಪ್ಪು ಅರಗಿನ ಆ ತಟ್ಟೆಗಳೇ ಅವನ ಗುರುಕುಲವಾದುವು. 1952ರಲ್ಲಿ ಹ್ಯಾರಿ ಸ್ಮಿತ್ ಎಂಬ ಸಂಗ್ರಾಹಕನು ಹಳೆಯ ಮುದ್ರಿಕೆಗಳನ್ನು ಆರಿಸಿ ಹೊರತಂದ ಅಮೆರಿಕದ ಜಾನಪದ ಸಂಗೀತದ ಸಂಪುಟದಲ್ಲಿ ಜಾನ್ಸನ್ನನ ಹಾಡೊಂದನ್ನು ಸೇರಿಸಿದನು. ಆ ದಶಕದಲ್ಲಿಯೇ ಸ್ಯಾಮ್ಯುಯೆಲ್ ಚಾರ್ಟರ್ಸ್ ಎಂಬ ಸಂಶೋಧಕನು ಬ್ಯೂಮಾಂಟಿಗೆ ಹೋಗಿ ವಿಧವೆ ಆಂಜಲೀನಳನ್ನು ಕಂಡು ಮಾತನಾಡಿಸಿ ಬಂದನು. ಮೇಲೆ ಹೇಳಿದ ವೃತ್ತಾಂತದಲ್ಲಿ ಬಹುಪಾಲು ಆಕೆಯ ಬಾಯಿಂದ ಬಂದುದು. 1962ರಲ್ಲಿ ಬಾಬ್ ಡಿಲನ್ ತನ್ನ ಮೊದಲ ಸಂಪುಟದಲ್ಲಿ ಇವನ ಹಾಡೊಂದರ ರೂಪಾಂತರವನ್ನು ಹಾಡಿದನು. 1964ರಲ್ಲಿ ಇಟಲಿಯ ಪಸೊಲೀನಿ ಏಸುವಿನ ಚರಿತ್ರೆಯನ್ನು ಚಲಚ್ಚಿತ್ರವಾಗಿ ತೆಗೆದಾಗ ಬಾಖನ ಸಂಗೀತದೊಡನೆ ಇವನ ಗಿಟಾರನ್ನೂ ಬಳಸಿಕೊಂಡನು. 1976ರಲ್ಲಿ ಲೆಡ್ ಝೆಪೆಲಿನ್ ತಂಡದವರು ಇವನ ‘ನೋಬಡೀಸ್ ಫಾಲ್ಟ್ ಬಟ್ ಮೈನ್’ ಎಂಬುದನ್ನು ತಮ್ಮ ಅಬ್ಬರದ ರೀತಿಗೆ ಒಗ್ಗಿಸಿಕೊಂಡು ಹಾಡಿ, ತಟ್ಟೆಯ ಮೇಲೆ ರಚನಕಾರರೆಂದು ತಮ್ಮವರಿಬ್ಬರ ಹೆಸರನ್ನೇ ಅಚ್ಚುಹಾಕಿಸಿದರು. ಹಾಡು ಲಕ್ಷಾಂತರ ಜನರನ್ನು ಮುಟ್ಟಿತು, ನಿಜ. ಆದರೆ ಹೆಸರಿನ ಒಂದು ಪಂಕ್ತಿಯ ಋಣವನ್ನಾದರೂ ತೀರಿಸಬಹುದಾಗಿತ್ತು. 2010ರಲ್ಲಿ ಬ್ಯೂಮಾಂಟಿನಲ್ಲಿ, ಅವನ ಪ್ರಾರ್ಥನಾಮಂದಿರವಿದ್ದ ಎಡೆಯಲ್ಲಿ, ಟೆಕ್ಸಾಸ್ ಸರ್ಕಾರದ ಸ್ಮಾರಕಫಲಕ ನಿಂತಿತು.

ಆ ವೇಳೆಗೆ ಅವನ ನಾದ ಭೂಮಿಯನ್ನೇ ಬಿಟ್ಟು ಹೋಗಿ ಮೂವತ್ತು ವರ್ಷಗಳು ಮೀರಿದ್ದುವು. 1977ರ ಆಗಸ್ಟ್ 20ರಂದೂ ಸೆಪ್ಟೆಂಬರ್ 5ರಂದೂ ಅಮೆರಿಕವು ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ, ಎಂದಾದರೊಮ್ಮೆ ಯಾವುದಾದರೂ ಲೋಕದ ಬುದ್ಧಿಜೀವಿಗಳ ಕೈಗೆ ಸಿಕ್ಕೀತೆಂಬ ಆಶಯದಿಂದ, ಚಿನ್ನದ ಲೇಪವುಳ್ಳ ತಾಮ್ರದ ಒಂದೊಂದು ಧ್ವನಿಮುದ್ರಿಕೆಯನ್ನು ಇರಿಸಲಾಯಿತು. ಕಾರ್ಲ್ ಸೇಗನ್ನರ ನೇತೃತ್ವದ ಸಮಿತಿ ಜಗತ್ತಿನ ಸಂಗೀತದಿಂದ ಇಪ್ಪತ್ತೇಳು ತುಣುಕುಗಳನ್ನು ಆರಿಸಿತು. ಅದರ ಕೊನೆಯ ಭಾಗದಲ್ಲಿ ಗೋವೆಯ ಕೇರಿ ಗ್ರಾಮದವರಾದ ಕೇಸರಬಾಯಿ ಕೇರ್ಕರರು ಭೈರವಿಯಲ್ಲಿ ಹಾಡಿದ ಚೀಜು ಇದೆ. ನಮ್ಮ ಮಲ್ಲಿಕಾರ್ಜುನ ಮನಸೂರರದೂ ಅದೇ ಘರಾಣೆ. ಆ ಚೀಜು ಮುಗಿಯುತ್ತಿದ್ದಂತೆ ಮುಂದಿನದು ಜಾನ್ಸನ್ನನ ಮಾತಿಲ್ಲದ ಪ್ರಾರ್ಥನೆ. ಅದಾದ ಮೇಲೆ, ಎಲ್ಲಕ್ಕೂ ಕೊನೆಯದಾಗಿ, ಬೆಥೋವನ್ನನ ತಂತಿವಾದ್ಯಗಳ ಕೃತಿ. ಇರುಳಾದಾಗ ಮಲಗಲು ನೆಲೆಯಿಲ್ಲದ ಮನುಷ್ಯನ ಸ್ಥಿತಿಯನ್ನು ಈ ನಾದ ಹೇಳುತ್ತದೆ, ಮನುಷ್ಯರು ಭೂಮಿಯ ಮೇಲೆ ಹುಟ್ಟಿದಂದಿನಿಂದ ಆ ಸ್ಥಿತಿಯನ್ನು ಬಲ್ಲರು ಎಂಬ ಭಾವವನ್ನು ಸೇಗನ್ ತೋಡಿಕೊಂಡಿದ್ದಾರೆ. ಅದೇ ಮುದ್ರಿಕೆಯಲ್ಲಿ ಐವತ್ತೈದು ಭಾಷೆಗಳ ಶುಭಾಶಯಗಳೂ ಇವೆ. ಅವುಗಳಲ್ಲಿ ಕನ್ನಡವೂ ಒಂದು, ತೆಲುಗೂ ಒಂದು. ಕನ್ನಡಿಗರ ಪರವಾಗಿ ಹೇಳಿದ ಆ ಪುಟ್ಟ ನಮಸ್ಕಾರವೂ, ಟೆಕ್ಸಾಸಿನ ಬೀದಿಯ ಗಾಯಕನ ನರಳಿಕೆಯೂ ಒಂದೇ ಚಿನ್ನದ ತಟ್ಟೆಯ ಗೆರೆಗಳಲ್ಲಿ ಕುಳಿತು, 2012ರಲ್ಲಿ ಸೂರ್ಯಮಾರುತದ ಎಲ್ಲೆಯನ್ನು ದಾಟಿ, ನಕ್ಷತ್ರಗಳ ನಡುವಣ ಬಯಲನ್ನು ಹೊಕ್ಕಿವೆ.

ಭೂಮಿಯ ಮೇಲೆಯೂ ಈ ನಾದ ನಮ್ಮ ದೇಶಕ್ಕೆ ಹತ್ತಿರವಾಗುತ್ತ ಬಂದಿತು. ಟೌ ಮೊ ಎಂಬ ಪೆಸಿಫಿಕ್ ದ್ವೀಪಗಳ ವಾದಕನು 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲಸಿ ಹವಾಯಿ ಗಿಟಾರಿನ ರುಚಿಯನ್ನು ಹತ್ತಿಸಿದನು. ಹಿಂದೀ ಚಿತ್ರಗೀತೆಗಳು ಅದನ್ನು ಮನೆಮನೆಯ ರೇಡಿಯೊಗೆ ತಂದುವು. ಬ್ರಿಜ್‌ಭೂಷಣ ಕಾಬ್ರಾ ಅವರು ಅದನ್ನು ರಾಗದ ಗಾಂಭೀರ್ಯಕ್ಕೆ ಒಪ್ಪಿಸಿದರು. 1967ರಲ್ಲಿ ಹೊರಬಂದ ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ಸಂತೂರು, ಕೊಳಲುಗಳ ಜೊತೆಗೆ ಮಿಡಿದ ಗಿಟಾರು ಅವರದು. ಜಯಪುರದ ವಿಶ್ವಮೋಹನ ಭಟ್ಟರು ಅದಕ್ಕೆ ಚಿಕಾರಿ, ತರಬಿನ ತಂತಿಗಳನ್ನು ಕೂಡಿಸಿ ಮೋಹನವೀಣೆಯೆಂದು ಹೆಸರಿಟ್ಟರು. ಇತ್ತ ಅಮೆರಿಕದಲ್ಲಿ ರೈ ಕೂಡರ್ ಎಂಬ ವಾದಕನು ಎಳೆತನದಿಂದಲೂ ಜಾನ್ಸನ್ನನ ತಟ್ಟೆಗಳನ್ನು ಗುರುವೆಂದು ಭಾವಿಸಿ ಅಭ್ಯಾಸಮಾಡಿದವನು; 1984ರ ‘ಪ್ಯಾರಿಸ್, ಟೆಕ್ಸಾಸ್’ ಚಿತ್ರಕ್ಕೆ ಅವನು ಕೊಟ್ಟ ಸಂಗೀತಕ್ಕೆ ಆಧಾರ ಡಾಲಸ್ಸಿನ ಆ ಪದವಿಲ್ಲದ ಹಾಡು. 1992ರಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರ ಊರಿನ ಇಗರ್ಜಿಯೊಂದರಲ್ಲಿ, ಅದುವರೆಗೆ ಪರಸ್ಪರ ಮುಖ ಕಾಣದಿದ್ದ ಭಟ್ಟರೂ ಕೂಡರನೂ ಎದುರುಬದುರಾಗಿ ಕುಳಿತು ನುಡಿಸಿದರು. ಆ ಮುದ್ರಿಕೆಗೆ 1994ರಲ್ಲಿ ಗ್ರಾಮಿ ಪ್ರಶಸ್ತಿ ಬಂದಿತು.

ಜಾನ್ಸನ್ನನ ಆ ಹಾಡನ್ನೂ ಈ ಮುದ್ರಿಕೆಯನ್ನೂ ಇಂದು ಯಾರು ಬೇಕಾದರೂ ಕೈಯಲ್ಲಿರುವ ಫೋನಿನಲ್ಲಿಯೇ ಹುಡುಕಿ ಕೇಳಬಹುದು. ಕೇಳುವವರು ದಯವಿಟ್ಟು 1927ರ ಹಾಡನ್ನು ಮೊದಲು ಕೇಳಬೇಕು. ಅದರ ಗರಗರ ಸದ್ದಿಗೆ ಬೇಸರಪಡದೆ, ತಂತಿ ಒಂದು ಪಾದವನ್ನು ಮುಗಿಸಿ ಗಂಟಲು ಅದನ್ನು ಎತ್ತಿಕೊಳ್ಳುವ ಎಡೆಗಳನ್ನು ಗಮನಿಸಬೇಕು. ಆಮೇಲೆ ಭಟ್ಟರ ಮತ್ತು ಕೂಡರನ ವಾದನವನ್ನು ಹಾಕಿಕೊಂಡರೆ, ಒಬ್ಬರು ನಡುವಿಗೆ ನಿಲ್ಲಿಸಿದ ವಾಕ್ಯವನ್ನು ಇನ್ನೊಬ್ಬರು ಮುಗಿಸುವ ಆ ಕ್ರಮ ಎಲ್ಲಿಂದ ಬಂದಿತೆಂಬುದು, ಯಾರೂ ಹೇಳಿಕೊಡದೆಯೇ, ಅವರ ಕಿವಿಗೆ ಗೊತ್ತಾಗುವುದು.